ಮೂರು ವರ್ಷ, ಎರಡು ಗಂಟೆ

ಚೆಂಡು ರಿಂಗಿನ ಅಂಚಿಗೆ ಬಡಿದು ಮೇಲೆದ್ದಿತು. ಕೆಳಗೆ ಇಬ್ಬರು ಹುಡುಗರು ಕಾಯುತ್ತಿದ್ದರು. ಒಬ್ಬ ಫಸ್ಟ್ ಇಯರ್. ಆರಡಿ ಮೀರಿದ ಎತ್ತರ, ನಿಂತಲ್ಲಿಂದಲೇ ನೆಗೆದರೆ ಬೆರಳು ರಿಂಗಿಗೆ ತಾಕುತ್ತದೆ. ಇನ್ನೊಬ್ಬ ಫೈನಲ್ ಇಯರ್. ಮೊದಲನೆಯವನ ಕಿವಿಯ ಮಟ್ಟಕ್ಕೆ ಬಂದರೆ ಹೆಚ್ಚು. ಎತ್ತರದ ಹುಡುಗನ ಕಣ್ಣೆಲ್ಲ ಚೆಂಡಿನ ಮೇಲೆ. ಫೈನಲ್ ಇಯರಿನವನು ಚೆಂಡನ್ನು ನೋಡಲೇ ಇಲ್ಲ. ಅದು ಇನ್ನೂ ಗಾಳಿಯಲ್ಲಿದ್ದಾಗಲೇ ತಿರುಗಿ, ಎದುರಾಳಿಯ ಎದೆಗೆ ಬೆನ್ನು ಕೊಟ್ಟು, ಮೊಣಕಾಲು ಮಡಿಸಿ, ಸೊಂಟವನ್ನು ಅವನ ತೊಡೆಗೆ ಒತ್ತಿ, ಕೂತ ಹಾಗೆ ನಿಂತುಬಿಟ್ಟ. ಎತ್ತರದವನು ನೆಗೆಯಲು ನೋಡಿದ. ನೆಗೆಯಲು ಜಾಗವೇ ಇರಲಿಲ್ಲ. ಚೆಂಡು ಒಂದು ಪುಟ ನೆಲಕ್ಕೆ ಬಿದ್ದು ಗಿಡ್ಡ ಹುಡುಗನ ಕೈ ಸೇರಿತು.

ಕೋಲಾರ ಜಿಲ್ಲೆಯ ನರಸಾಪುರದಿಂದ ಬಹಳ ದೂರವಲ್ಲದ ಒಂದು ಕಾಲೇಜಿನ ಸಿಮೆಂಟ್ ಅಂಕಣದ ಪಕ್ಕ ನಿಂತು ಇದನ್ನು ನೋಡಿದೆ. ಆಟಗಾರರು ಇದಕ್ಕೆ ಬಾಕ್ಸ್ ಔಟ್ ಅನ್ನುತ್ತಾರೆ. ಬಾಯಲ್ಲಿ ಹೇಳಿಕೊಡಲು ಎರಡು ನಿಮಿಷ ಸಾಕು. ಆದರೆ ಪಂದ್ಯದ ಬಿಸಿಯಲ್ಲಿ, ಎಲ್ಲರ ಕಣ್ಣೂ ಚೆಂಡಿನ ಮೇಲಿರುವಾಗ, ಅದರಿಂದ ಕಣ್ಣು ಕಿತ್ತು ಪಕ್ಕದವನ ಮೈಯನ್ನು ಹುಡುಕುವುದಿದೆಯಲ್ಲ, ಅದು ಸೋತು ಸೋತು ಬರುವ ವಿದ್ಯೆ. ಮನೆಗೆ ಬಂದ ಮೇಲೂ ನನ್ನನ್ನು ಕಾಡಿದ್ದು ಒಂದೇ. ಆ ಗಿಡ್ಡ ಹುಡುಗ ಇನ್ನು ಕೆಲವೇ ತಿಂಗಳಲ್ಲಿ ಕಾಲೇಜು ಬಿಡುತ್ತಾನೆ. ಅವನ ಸೊಂಟಕ್ಕೆ ಗೊತ್ತಿರುವುದು ಅವನ ಜೊತೆಗೇ ಹೋಗುತ್ತದೆ.

ಪ್ರತಿ ವರ್ಷ ಅಂತರ ಕಾಲೇಜು ಕೂಟ ಬಂದಾಗ ಪಿ.ಟಿ. ಮೇಷ್ಟ್ರ ಕೋಣೆಯಲ್ಲಿ ಒಂದು ಜಗಳ ಇದ್ದೇ ಇರುತ್ತದೆ. ಮೂರು ವರ್ಷ ಬೆವರು ಸುರಿಸಿದ ಸೀನಿಯರ್‌ಗಳನ್ನು ಆಡಿಸಬೇಕೋ, ಚೆನ್ನಾಗಿ ನೆಗೆಯುವ, ಚೆನ್ನಾಗಿ ಓಡುವ ಹೊಸ ಹುಡುಗರನ್ನೋ? ಎರಡೂ ಕಡೆ ನ್ಯಾಯವಿದೆ. ಆದರೆ ಆ ಜಗಳದಲ್ಲಿ ಯಾರೂ ಮಾಡದ ಲೆಕ್ಕವೊಂದಿದೆ.

ಅಂತರರಾಷ್ಟ್ರೀಯ ನಿಯಮದಂತೆ ಬ್ಯಾಸ್ಕೆಟ್‌ಬಾಲ್ ಪಂದ್ಯ 10 ನಿಮಿಷಗಳ ನಾಲ್ಕು ಭಾಗ, ಒಟ್ಟು 40 ನಿಮಿಷ. ನಮ್ಮ ಕಾಲೇಜು ಕೂಟಗಳು ಬಹುಪಾಲು ನಾಕ್‌ಔಟ್. ಮೊದಲ ಪಂದ್ಯ ಸೋತರೆ ಬ್ಯಾಗ್ ಹೆಗಲಿಗೇರಿಸಿ ಬಸ್ ಹತ್ತುವುದೇ. ಮೂರು ವರ್ಷವೂ ಮೊದಲ ಸುತ್ತಿನಲ್ಲೇ ಸೋತ ಕಾಲೇಜಿನ ಹುಡುಗ, ಒಂದು ಕ್ಷಣವೂ ಬೆಂಚಿನಲ್ಲಿ ಕೂರದೆ ಆಡಿದ್ದರೂ, ಅವನ ಒಟ್ಟು ಪಂದ್ಯದನುಭವ 120 ನಿಮಿಷ. ಎರಡು ಗಂಟೆ. ಒಂದು ಸಿನಿಮಾ ಕೂಡ ಅದಕ್ಕಿಂತ ಉದ್ದವಿರುತ್ತದೆ. ನಾವು ಸೀನಿಯರ್ ಎಂದು ಕರೆಯುವವನು ಆ ಎರಡು ಗಂಟೆಯ ಯಜಮಾನ.

ಇದು ಕೋಲಾರದ ಕಡೆ ಇನ್ನೂ ಬಿಗಿಯಾದ ಸಂಗತಿ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ, ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕದಲ್ಲಿ ತಲೆ ಎತ್ತಿತು. ಹೆಸರು ಬೆಂಗಳೂರಿನದು, ನೆಲೆ ನಮ್ಮದು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳ ಜೊತೆ ರಾಜಧಾನಿಯ ಒಂದು ಭಾಗದ ಕಾಲೇಜುಗಳೂ ಅದರ ಅಡಿಯಲ್ಲಿವೆ. ಹಾಗಾಗಿ ಮಾಲೂರಿನದೋ ಮುಳಬಾಗಿಲಿನದೋ ಸರ್ಕಾರಿ ಕಾಲೇಜಿನ ಹುಡುಗರು ಮೊದಲ ಸುತ್ತಿನಲ್ಲೇ ಬೆಂಗಳೂರಿನ ಕ್ಲಬ್ ಅಂಕಣಗಳಲ್ಲಿ ಹತ್ತನೇ ವಯಸ್ಸಿನಿಂದ ಆಡಿ ಬಂದವರ ಎದುರು ನಿಲ್ಲಬೇಕಾಗಬಹುದು. ಬೀಗಲ್ಸ್, ಯಂಗ್ ಓರಿಯನ್ಸ್, ಮೌಂಟ್ಸ್‌ನಂಥ ಕ್ಲಬ್ಬುಗಳ ಹುಡುಗ ಹುಡುಗಿಯರಿಗೆ ರಾಜ್ಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ಕೂಟಗಳಲ್ಲಿ ವರ್ಷವಿಡೀ ಪಂದ್ಯಗಳು. ಅಲ್ಲಿ ಅವರೆದುರು ಬ್ಯಾಂಕ್ ತಂಡದ, ರೈಲ್ವೆ ತಂಡದ ಮೂವತ್ತರ ಆಸುಪಾಸಿನ ಪಳಗಿದ ಕೈಗಳು. ಅವರು ಹದಿನೆಂಟರ ಪೋರರಿಗೆ ಮೊಣಕೈ, ಸೊಂಟ, ಕಣ್ಸನ್ನೆಗಳಿಂದಲೇ ಪಾಠ ಕಲಿಸಿ ಕಳಿಸುತ್ತಿದ್ದರು. ವಿಜಯಾ ಬ್ಯಾಂಕಿನ ತಂಡ ಅಂಥದ್ದೊಂದು ನಡೆದಾಡುವ ಪಾಠಶಾಲೆಯಾಗಿತ್ತು. ಆ ತಂಡದಲ್ಲಿ ಜಾಗ ಸಿಕ್ಕರೆ ನೌಕರಿಯೂ ಆಟವೂ ಒಂದೇ ಕೈಯಲ್ಲಿ. 2019ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ನನ್ನ ತಲೆಮಾರಿನ ಆಟದಭಿಮಾನಿಗಳಿಗೆ ಆ ಹೆಸರು ಹೋದದ್ದು ಮನೆಯ ಹಿರಿಯರೊಬ್ಬರು ಹೋದಂತೆ.

ಮಂಡ್ಯವನ್ನು ನೋಡಿ. ಅಲ್ಲಿ ಕ್ರೀಡಾ ಇಲಾಖೆಯ ವಸತಿ ನಿಲಯವಿದೆ, ಬ್ಯಾಸ್ಕೆಟ್‌ಬಾಲ್ ಇದೆ, ರೈತರ ಮಕ್ಕಳು ರಾಜ್ಯದ ಕಿರಿಯರ ಕೂಟಗಳಲ್ಲಿ ಬೆಂಗಳೂರಿನವರ ಬೆವರಿಳಿಸುತ್ತಾರೆ. ಹಳ್ಳಿಯ ಕಾಲಿಗೆ ಏನೂ ಕಡಿಮೆಯಿಲ್ಲ. ಕಡಿಮೆ ಇರುವುದು ಪಂದ್ಯ.

ಅನುಭವವೋ ಹೊಸ ಪ್ರತಿಭೆಯೋ ಎಂಬ ಚರ್ಚೆ ಜೋರಾಗಿ ನಡೆಯುವುದು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ. ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎ ಸೇರಲು 19 ವರ್ಷ ತುಂಬಬೇಕು ಎಂಬ ನಿಯಮ 2005ರ ಒಪ್ಪಂದದಲ್ಲಿ ಬಂದ ಮೇಲೆ, ಅಸಾಧಾರಣ ಹುಡುಗರು ಒಂದೇ ವರ್ಷ ಕಾಲೇಜಿನಲ್ಲಿ ಆಡಿ ಎನ್‌ಬಿಎಗೆ ಹಾರತೊಡಗಿದರು. 'ಒನ್ ಅಂಡ್ ಡನ್' ಎಂದೇ ಹೆಸರಾಯಿತು. ಕೆಂಟಕಿ ವಿಶ್ವವಿದ್ಯಾಲಯ 2012ರಲ್ಲಿ ಇಂಥ ಹುಡುಗರನ್ನೇ ನೆಚ್ಚಿ ಚಾಂಪಿಯನ್ ಆಯಿತು. ಫೈನಲ್‌ನಲ್ಲಿ ಆಂಥೊನಿ ಡೇವಿಸ್ ಗಳಿಸಿದ್ದು ಆರೇ ಅಂಕ. ಆದರೆ 16 ರೀಬೌಂಡ್ ಹಿಡಿದು, ಆರು ಹೊಡೆತಗಳನ್ನು ತಡೆದು ಪಂದ್ಯ ಗೆದ್ದುಕೊಟ್ಟ. ಅದೇ ಕೆಂಟಕಿ 2015ರಲ್ಲಿ 38 ಪಂದ್ಯ ಸತತವಾಗಿ ಗೆದ್ದು, ನಾಲ್ಕನೇ ವರ್ಷದ ಫ್ರಾಂಕ್ ಕಮಿನ್ಸ್ಕಿಯ ವಿಸ್ಕಾನ್ಸಿನ್ ಎದುರು ಸೆಮಿಫೈನಲ್‌ನಲ್ಲಿ ಮುಗ್ಗರಿಸಿತು. ಅನುಭವ ಗೆದ್ದಿತು ಎಂದು ಬರೆದವರ ಶಾಯಿ ಆರುವ ಮೊದಲೇ, ಎರಡು ದಿನದ ಬಳಿಕ, ಮೊದಲ ವರ್ಷದ ಹುಡುಗರೇ ತುಂಬಿದ್ದ ಡ್ಯೂಕ್ ಫೈನಲ್‌ನಲ್ಲಿ ಆ ವಿಸ್ಕಾನ್ಸಿನ್ ತಂಡವನ್ನು 68-63ರಿಂದ ಮಣಿಸಿತು.

ಈ ಲೆಕ್ಕಾಚಾರಗಳಿಗಿಂತ ನನಗೆ ಹತ್ತಿರವಾದದ್ದು ವರ್ಜೀನಿಯಾ ವಿಶ್ವವಿದ್ಯಾಲಯದ ಕಥೆ. 2018ರಲ್ಲಿ ಅಗ್ರ ಶ್ರೇಯಾಂಕದ ಆ ತಂಡ ಕಟ್ಟಕಡೆಯ ಶ್ರೇಯಾಂಕದ ತಂಡದೆದುರು 54-74ರಿಂದ ಸೋತಿತು. ಪುರುಷರ ರಾಷ್ಟ್ರೀಯ ಕಾಲೇಜು ಕೂಟದ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು. ದೇಶವೆಲ್ಲ ಆಡಿಕೊಂಡಿತು. ಕೈಲ್ ಗೈ ಎಂಬ ಎರಡನೇ ವರ್ಷದ ಹುಡುಗ ಅಂದು ಅಂಕಣದಲ್ಲಿದ್ದ. ಮುಂದಿನ ವರ್ಷ ಅವನೂ ಗೆಳೆಯರೂ ಅದೇ ಅಂಗಿ ತೊಟ್ಟು ಮರಳಿದರು. ಸೆಮಿಫೈನಲ್‌ನಲ್ಲಿ ಆಬರ್ನ್ ಎದುರು ಎರಡು ಅಂಕ ಹಿಂದೆ, ಗಡಿಯಾರದಲ್ಲಿ ಉಳಿದದ್ದು 0.6 ಸೆಕೆಂಡ್, ಗೈಗೆ ಮೂರು ಫ್ರೀ ಥ್ರೋ. ಮೂರನ್ನೂ ಹಾಕಿದ. 63-62. ಎರಡು ದಿನದ ಬಳಿಕ ತಂಡ ಚಾಂಪಿಯನ್. ಆ ಮೂರು ಎಸೆತ ಹಾಕಿದ ಕೈಯಲ್ಲಿ ಹಿಂದಿನ ವರ್ಷದ ಅವಮಾನ ಇತ್ತು. ಆದರೆ ಆ ಅವಮಾನವನ್ನು ಹೊತ್ತು ಮತ್ತೆ ಆಡಲು ಅವನಿಗೆ ಇನ್ನೊಂದು ವರ್ಷವೂ ಇತ್ತು, ಮೂವತ್ತಕ್ಕೂ ಹೆಚ್ಚು ಪಂದ್ಯಗಳೂ ಇದ್ದವು.

ಅಲ್ಲಿನ ಮೊದಲ ದರ್ಜೆಯ ಕಾಲೇಜು ತಂಡ ಒಂದು ಋತುವಿನಲ್ಲಿ ಮೂವತ್ತರಷ್ಟು ಪಂದ್ಯ ಆಡುತ್ತದೆ. ಒಂದೊಂದು 40 ನಿಮಿಷವೆಂದರೆ 20 ಗಂಟೆ. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಪರ ಆಡಿದ್ದು ಅಂಥ ಲೋಕದಲ್ಲಿ. ಅಲ್ಲಿ ಬೆಂಚಿನಲ್ಲಿ ಕೂತವಳಿಗೂ ಒಂದೇ ಋತುವಿನಲ್ಲಿ ಕಾಣಸಿಗುವ ಆಟ, ನಮ್ಮ ಸೋತ ಕಾಲೇಜಿನ ನಾಯಕಿ ಮೂರು ವರ್ಷದಲ್ಲಿ ಆಡುವುದರ ಹತ್ತು ಪಟ್ಟು.

ನರಸಾಪುರದಲ್ಲೂ 'ಒನ್ ಅಂಡ್ ಡನ್' ಇದೆ. ಇಲ್ಲಿನ ಹುಡುಗ ಹಾರುವುದು ಎನ್‌ಬಿಎಗಲ್ಲ, ಕಂಪನಿ ಬಸ್ಸಿಗೆ. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಬಂತು. ಆಮೇಲೆ ಐಫೋನ್ ಜೋಡಿಸುವ ವಿಸ್ಟ್ರಾನ್ ಬಂತು. 2023ರಲ್ಲಿ ಅದು ಟಾಟಾ ಕೈ ಸೇರಿತು. ಬೆಂಗಳೂರು–ಕೋಲಾರ ಹೆದ್ದಾರಿಯಲ್ಲಿ ಶಿಫ್ಟ್ ಬದಲಾಗುವ ಹೊತ್ತಿಗೆ ನಿಂತರೆ ಬಸ್ಸಿನ ಸಾಲು ಮುಗಿಯುವುದೇ ಇಲ್ಲ. ಒಳಗೆ ಕುತ್ತಿಗೆಗೆ ಗುರುತಿನ ಚೀಟಿ ತೂಗಿಹಾಕಿಕೊಂಡ ಹತ್ತೊಂಬತ್ತು, ಇಪ್ಪತ್ತರ ಮುಖಗಳು, ಅರ್ಧಕ್ಕರ್ಧ ಹೆಣ್ಣುಮಕ್ಕಳು. ಸಾವಿರ ಅಡಿ ಕೊರೆದರೂ ನೀರು ಸಿಗದ ಹೊಲದ ಮನೆಗೆ ತಿಂಗಳ ಮೊದಲ ವಾರ ಸಂಬಳ ತಂದುಕೊಡುವ ಮಕ್ಕಳಿವರು. ಆ ಬಸ್ಸಿನ ಬಗ್ಗೆ ನನಗೆ ಗೌರವವಿದೆ. ಮಗಳ ಸಂಬಳದಿಂದ ತಮ್ಮನ ಫೀಸು ಕಟ್ಟಿದ ಮನೆಗಳು ಈ ಕಡೆ ಎಷ್ಟಿವೆಯೋ.

ಆದರೆ ಆ ಬಸ್ಸಿನಲ್ಲಿ ನಮ್ಮ ಸೀನಿಯರ್‌ಗಳೂ ಕೂತಿದ್ದಾರೆ. ಪಿಯುಸಿಯಲ್ಲಿ ಜಿಲ್ಲಾ ಮಟ್ಟಕ್ಕೆ ಆಡಿದ ಹುಡುಗಿ ಡಿಗ್ರಿಗೆ ಬರುವುದೇ ಇಲ್ಲ. ಬಂದವಳು ಎರಡನೇ ವರ್ಷಕ್ಕೆ ಕೆಲಸಕ್ಕೆ ಸೇರುತ್ತಾಳೆ. ಪ್ರತಿ ಜೂನ್‌ನಲ್ಲಿ ಕಾಲೇಜು ತಂಡ ಮತ್ತೆ ಅ ಆ ಇ ಈ ಇಂದ ಶುರು. ಪಿವಟ್ ಕಾಲು ಎತ್ತಬಾರದು, ಡಿಫೆನ್ಸ್‌ನಲ್ಲಿ ಕಾಲು ಅಡ್ಡ ಹಾಕಬಾರದು, ಲೇಅಪ್‌ಗೆ ಎಡಗೈಯೂ ಬೇಕು. ಕಲಿಸಿ ಮುಗಿಯುವ ಹೊತ್ತಿಗೆ ಕಲಿತವರು ಇರುವುದಿಲ್ಲ. ನಡುವೆ ಬಂದಿದ್ದ ನಾಲ್ಕು ವರ್ಷದ ಪದವಿ ಒಂದಷ್ಟು ಉಸಿರು ಕೊಡಬಹುದಿತ್ತು. ಆದರೆ 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಓದಿನ ದೃಷ್ಟಿಯಿಂದ ಅದಕ್ಕೆ ಕಾರಣಗಳಿರಬಹುದು. ಅಂಕಣದ ದೃಷ್ಟಿಯಿಂದ ಒಂದು ವರ್ಷ ಹೋಯಿತು.

ಕಾಯದೆ ಎಳೆಯರನ್ನೇ ನೆಚ್ಚಿದರೆ ಏನಾಗುತ್ತದೆಂಬುದು ಶ್ರೀನಿವಾಸಪುರದ ಮಾವಿನ ತೋಟದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕಸಿ ಗಿಡ ಮೊದಲೆರಡು ವರ್ಷವೇ ಹೂ ಬಿಟ್ಟುಬಿಡುತ್ತದೆ. ಆಸೆಗೆ ಬಿದ್ದು ಕಾಯಿ ಕಟ್ಟಲು ಬಿಟ್ಟರೆ ಗಿಡ ಸೊರಗುತ್ತದೆ ಎಂದು ಆ ಹೂವನ್ನು ಚಿವುಟಿ ಹಾಕುತ್ತಾರೆ. ಫಸ್ಟ್ ಇಯರ್ ಹುಡುಗನ ನೆಗೆತ ಆ ಹೂವಿನಂಥದು. ನೋಡಲು ಚೆಂದ. ಅದನ್ನೇ ಫಸಲೆಂದು ನಂಬಿ ಅವನ ತಲೆಯ ಮೇಲೆ ತಂಡ ಹೊರಿಸಿದರೆ, ಎರಡನೇ ಕ್ವಾರ್ಟರ್ ಮುಗಿಯುವುದರೊಳಗೆ ನಾಲ್ಕು ಫೌಲ್ ಮಾಡಿ, ಐದನೆಯದರ ಭಯಕ್ಕೆ ಕೈ ಕಟ್ಟಿಕೊಂಡು ನಿಲ್ಲುತ್ತಾನೆ.

ಹಾಗಾದರೆ ಯಾರನ್ನು ಆಡಿಸಬೇಕು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಚೆಂಡು ತರುವವನು, ಅಂದರೆ ಪಾಯಿಂಟ್ ಗಾರ್ಡ್, ಹಳಬನೇ ಆಗಿರಲಿ. 24 ಸೆಕೆಂಡಿನಲ್ಲಿ ಯಾವಾಗ ಓಡಬೇಕು, ಯಾವಾಗ ಚೆಂಡು ಹಿಡಿದು ಉಸಿರು ಬಿಡಬೇಕು ಎಂಬುದು ವಯಸ್ಸಿನಿಂದ ಬರುವುದಿಲ್ಲ, ಪಂದ್ಯದಿಂದ ಬರುತ್ತದೆ. ಬದಿಯಲ್ಲಿ ಓಡುವವರು, ರಿಂಗಿನ ಕೆಳಗೆ ನೆಗೆಯುವವರು ಹೊಸಬರಾದರೂ ಚಿಂತೆಯಿಲ್ಲ. ಫೈನಲ್ ಇಯರ್ ಎಂಬ ಒಂದೇ ಕಾರಣಕ್ಕೆ ಅಂಗಿ ಕೊಡುವುದನ್ನು ಮಾತ್ರ ನಾನು ಒಪ್ಪಲಾರೆ. ಮೂರು ವರ್ಷ ಕಾಲೇಜಿನಲ್ಲಿದ್ದವರೆಲ್ಲ ಅನುಭವಿಗಳಲ್ಲ.

ಪಳಗಿದ ಕೈ ಎಂದರೇನೆಂದು ಕಣ್ಣಾರೆ ಕಂಡವರು 2017ರ ಜುಲೈನಲ್ಲಿ ಕಂಠೀರವ ಒಳಾಂಗಣದಲ್ಲಿದ್ದರು. ಮಹಿಳೆಯರ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್. ಭಾರತ ಕಜಕಸ್ತಾನವನ್ನು 75-73ರಿಂದ, ಕೂದಲೆಳೆಯಲ್ಲಿ ಗೆದ್ದು ಎ ವಿಭಾಗಕ್ಕೇರಿತು. ಆ ತಂಡದಲ್ಲಿ ಚೆನ್ನೈನ ಅನಿತಾ ಪಾಲ್‌ದುರೈ ಇದ್ದರು. ಹತ್ತೊಂಬತ್ತಕ್ಕೇ ದೇಶದ ನಾಯಕಿಯಾದವರು, ತಾಯಿಯಾದ ಮೇಲೂ ಅಂಕಣಕ್ಕೆ ಮರಳಿದವರು, ಒಂಬತ್ತು ಏಷ್ಯನ್ ಚಾಂಪಿಯನ್‌ಷಿಪ್ ಆಡಿದವರು. 2021ರಲ್ಲಿ ಪದ್ಮಶ್ರೀ ಪಡೆದವರು. ಒಂದು ಕಾಲದ ಎಳೆಯ ಪ್ರತಿಭೆಯೂ ಅವರೇ, ಮುಂದೊಂದು ಕಾಲದ ಹಿರಿಯ ಆಸರೆಯೂ ಅವರೇ. ನಡುವೆ ಅವರು ಆಟವನ್ನು ಪೂರ್ತಿ ಬಿಡಬೇಕಾಗಿ ಬರಲಿಲ್ಲ, ಅಷ್ಟೆ ವ್ಯತ್ಯಾಸ.

ನರಸಾಪುರದ ಹುಡುಗಿಗೂ ಅದು ಯಾಕೆ ಆಗಬಾರದು? ಬೇಕಿರುವುದು ದೊಡ್ಡದೇನಲ್ಲ. ಕೂಟವನ್ನು ನಾಕ್‌ಔಟ್ ಬದಲು ಸಣ್ಣ ಗುಂಪುಗಳ ಲೀಗ್ ಮಾಡಿದರೆ ಸೋತ ತಂಡಕ್ಕೂ ಮೂರು ಪಂದ್ಯ ಸಿಗುತ್ತದೆ. ಎರಡು ಗಂಟೆ ಆರು ಗಂಟೆಯಾಗುತ್ತದೆ. ಅಂಕಣಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲ ಸಾಕು. ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ನ್ನು ಸಮಾಜಕ್ಕೆ ವಿನಿಯೋಗಿಸಬೇಕು, ಗ್ರಾಮೀಣ ಕ್ರೀಡೆಯ ತರಬೇತಿಯೂ ಆ ಪಟ್ಟಿಯಲ್ಲಿದೆ. ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ ದೀಪವಿರುವ ಒಂದು ಅಂಕಣ ಇದ್ದರೆ ಎರಡನೇ ಶಿಫ್ಟ್‌ನವರು ಬೆಳಿಗ್ಗೆ, ಮೊದಲ ಶಿಫ್ಟ್‌ನವರು ಸಂಜೆ ಬಂದು ಆಡಬಹುದು, ಕಾಲೇಜಿನ ಮಕ್ಕಳ ಎದುರು. ಕಲಿಸುವವರಿಗೆ ಸಂಬಳ ಕೊಡಬೇಕಾಗಿಲ್ಲ. ಎದುರು ನಿಂತು ಆಡಿದರೆ ಸಾಕು.

ಆ ಕಾಲೇಜಿಗೆ ಒಂದು ಭಾನುವಾರ ಮತ್ತೆ ಹೋಗಿದ್ದೆ. ವಾರದ ರಜೆ ಸಿಕ್ಕ ಹಳೆ ಹುಡುಗರು ಮೂವರು ಬಂದಿದ್ದರು. ಒಬ್ಬ ರಾತ್ರಿ ಪಾಳಿ ಮುಗಿಸಿ ನೇರ ಅಲ್ಲಿಗೇ ಬಂದವನು, ಕಣ್ಣು ಕೆಂಪು. ಅರ್ಧ ಅಂಕಣದಲ್ಲಿ ಮೂವರೆದುರು ಮೂವರು, 21 ಅಂಕದ ಆಟ. ಎತ್ತರದ ಫಸ್ಟ್ ಇಯರ್ ಹುಡುಗ ಮೊದಲ ನಾಲ್ಕು ರೀಬೌಂಡ್ ಕಳೆದುಕೊಂಡ. ಪ್ರತಿ ಸಲವೂ ಎದೆಗೆ ಯಾರದೋ ಬೆನ್ನು. ಐದನೆಯ ಸಲ ಚೆಂಡು ರಿಂಗಿಗೆ ಬಡಿಯಿತು. ಅವನು ಮೇಲೆ ನೋಡಲಿಲ್ಲ. ತಿರುಗಿ, ಕೆಂಪು ಕಣ್ಣಿನವನನ್ನು ಹುಡುಕಿ, ಸೊಂಟ ಕೊಟ್ಟು ಕೂತ. ಚೆಂಡು ಎಲ್ಲಿಗೋ ಹೊರಗೆ ಉರುಳಿಹೋಯಿತು, ಇಬ್ಬರಿಗೂ ಸಿಗಲಿಲ್ಲ. ಅದನ್ನು ತರಲು ಓಡಿದವನು ಮಾತ್ರ ಆ ಕೆಂಪು ಕಣ್ಣಿನವನೇ, ನಗುತ್ತಾ.