ಕೂದಲು ಹೇಳುವುದೆಷ್ಟು?

ನಮ್ಮ ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರು ಬೆಳೆಯುತ್ತದೆ. ಅದು ಬುಡದಲ್ಲಿ ರೂಪುಗೊಳ್ಳುವಾಗ ರಕ್ತದಲ್ಲಿರುವ ಪಾದರಸವು ಅದರ ಪ್ರೋಟೀನಿನೊಡನೆ ಬೆಸೆದುಕೊಂಡು ಅಲ್ಲಿಯೇ ಉಳಿಯುತ್ತದೆ. 1971-72ರಲ್ಲಿ ಇರಾಕಿನ ಹಳ್ಳಿಗರನೇಕರು, ಪಾದರಸಯುಕ್ತ ಔಷಧಿ ಹಚ್ಚಿದ ಬಿತ್ತನೆಯ ಗೋಧಿಯಿಂದ ರೊಟ್ಟಿ ಮಾಡಿ ತಿಂದು ವಿಷಕ್ಕೀಡಾದರು. ಅವರ ಕೂದಲನ್ನು ತುಂಡುತುಂಡಾಗಿ ಪರೀಕ್ಷಿಸಿ, ಯಾವ ತಿಂಗಳಲ್ಲಿ ಎಷ್ಟು ವಿಷವು ಒಳಸೇರಿತೆಂಬುದನ್ನು ವಿಜ್ಞಾನಿಗಳು ಲೆಕ್ಕಹಾಕಿದರು.

ಇದೇ ಕೂದಲಿನಿಂದ ಕ್ಯಾಲ್ಸಿಯಂ, ಸೋಡಿಯಂ, ಸತುವುಗಳ ‘ಸಮತೋಲ’ವನ್ನು ಅಳೆದು, ಗುಳಿಗೆಗಳನ್ನು ಕೊಟ್ಟು, ಕೆಲವು ತಿಂಗಳಿಗೊಮ್ಮೆ ಮರುಪರೀಕ್ಷಿಸುತ್ತ ವರ್ಷಗಟ್ಟಲೆ ನಡೆಸುವ ಚಿಕಿತ್ಸೆಯೊಂದು ಅಮೆರಿಕದಲ್ಲುಂಟು. ಆದರೆ ರಕ್ತದ ಕ್ಯಾಲ್ಸಿಯಮನ್ನು ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಸೋಡಿಯಮನ್ನು ಮೂತ್ರಪಿಂಡಗಳೂ ಹದದಲ್ಲಿರಿಸುತ್ತವೆ. ಕೂದಲಾದರೋ ನಿರ್ಜೀವ ವಸ್ತು. ಬೆವರು, ಧೂಳು, ಗಡಸುನೀರು, ಬಣ್ಣ ಎಲ್ಲವೂ ಅದಕ್ಕೆ ಅಂಟಿಕೊಳ್ಳುತ್ತವೆ. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆರೋಗ್ಯವಂತ ವ್ಯಕ್ತಿಯೊಬ್ಬರ ಕೂದಲನ್ನೇ ಪಾಲುಮಾಡಿ ಅಮೆರಿಕದ 6 ಪ್ರಯೋಗಶಾಲೆಗಳಿಗೆ ಕಳುಹಿಸಲಾಯಿತು. ಬಂದ ಉತ್ತರಗಳಲ್ಲಿ 12 ಖನಿಜಗಳ ಅತ್ಯಧಿಕ ಮತ್ತು ಅತ್ಯಲ್ಪ ಅಂಕೆಗಳ ನಡುವೆ ಹತ್ತುಪಟ್ಟಿಗೂ ಮಿಗಿಲಾದ ಅಂತರವಿತ್ತು! ಹೀಗಿರುವಲ್ಲಿ ಮರುಪರೀಕ್ಷೆಯ ಅಂಕೆ ಬದಲಾದರೆ, ಬದಲಾದದ್ದು ದೇಹವೋ, ಶಾಂಪುವೋ, ಪ್ರಯೋಗಶಾಲೆಯೋ ಎಂದು ನಾವು ನಿರ್ಧರಿಸುವುದೆಂತು? ಕಬ್ಬಿಣದ ಕೊರತೆಯಿಂದ ದಣಿದ ವಿದ್ಯಾರ್ಥಿನಿಯೊಬ್ಬಳು ವೈದ್ಯರಲ್ಲಿಗೆ ಹೋದರೆ, ಅವರು ಅಳೆಯುವುದು ರಕ್ತದಲ್ಲಿನ ಫೆರಿಟಿನ್ ಎಂಬ ಪ್ರೋಟೀನನ್ನು.