ನೆಲದಡಿಯ ಲೆಕ್ಕ ಗೋಡೆಯ ಮೇಲೆ

ಹಳೆಯ ಕೆರೆಯ ತೂಬೆಂದರೆ ಏರಿಯ ಒಳಮಗ್ಗುಲಲ್ಲಿ ನಿಂತ ಎರಡು ಕಲ್ಲುಕಂಬ, ಅವುಗಳ ನಡುವೆ ಅಡ್ಡಕಲ್ಲುಗಳು, ತಳದ ಕಂಡಿ ಮುಚ್ಚಲು ಉದ್ದನೆಯ ಗೂಟ. ಕಟ್ಟಿದ್ದು ಗದ್ದೆಗೆ ನೀರು ಬಿಡಲು. ಆದರೆ ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ರೈತರಿಗೆ ಅದು ಅಳತೆಗೋಲೂ ಆಗಿತ್ತು. ಮೇಲಿನ ಅಡ್ಡಕಲ್ಲು ಮುಳುಗಿದ್ದರೆ ಭತ್ತದ ಆಸೆ. ಕೆಳಗಿನದೂ ಬಯಲಾಗಿದ್ದರೆ ರಾಗಿಯೇ ಗತಿ. ಕಲ್ಯಾಣಿಯ ಮೆಟ್ಟಿಲುಗಳೂ ಹಾಗೆಯೇ, ಎಷ್ಟು ಕಾಣುತ್ತಿವೆ ಎಂದು ನೋಡಿದರೆ ಬೇಸಿಗೆಯ ಭವಿಷ್ಯ ತಿಳಿಯುತ್ತಿತ್ತು. 2022ರಲ್ಲಿ ಈ ಭಾಗದ ಅನೇಕ ಕೆರೆಗಳು ಕೋಡಿ ಬಿದ್ದಾಗ ಜನ ಜಾತ್ರೆಯಂತೆ ಸೇರಿದ್ದು ಕಣ್ಣಾರೆ ಕಾಣುವ ಆ ಲೆಕ್ಕಕ್ಕಾಗಿಯೇ.

ಕೊಳವೆಬಾವಿ ಬಂದ ಮೇಲೆ ಲೆಕ್ಕ ಮರೆಯಾಯಿತು. ನೆಲದ ಮೇಲೆ ಕಾಣುವುದು ಆರೂವರೆ ಇಂಚಿನ ಕೇಸಿಂಗ್ ಪೈಪಿನ ಬಾಯಿ, ಅದಕ್ಕೊಂದು ಮುಚ್ಚಳ. ಒಳಗೆ ನೀರು ಇನ್ನೂರು ಅಡಿಗಿದೆಯೋ ಎಂಟುನೂರಕ್ಕೆ ಇಳಿದಿದೆಯೋ, ಪಕ್ಕದ ಹೊಲದವನ ಮೋಟಾರು ಗಾಳಿ ಕಾರುವ ತನಕ ಯಾರಿಗೂ ಸುಳಿವಿಲ್ಲ.

ಕಾಣದ ಅಂಕಿಗಳನ್ನು ಕಟ್ಟಡದ ಮೂಲಕ ಕಾಣಿಸುವ ಪ್ರಯತ್ನ ಹೊರದೇಶಗಳಲ್ಲಿ ನಡೆದಿದೆ. ಜಪಾನಿನ ಯೊಕೊಹಾಮಾದಲ್ಲಿ ನೆಲಮಾಳಿಗೆಯ ಅಂಗಡಿಸಾಲಿಗೆ ಗಾಳಿ, ನೀರು ಒದಗಿಸುವ ಹಳೆಯ ಕಾಂಕ್ರೀಟ್ ಗೋಪುರವೊಂದಿತ್ತು. 1986ರಲ್ಲಿ ವಾಸ್ತುಶಿಲ್ಪಿ ಟೊಯೊ ಇಟೊ ಅದಕ್ಕೆ ರಂಧ್ರದ ಅಲ್ಯೂಮಿನಿಯಂ ಹೊದಿಕೆ ತೊಡಿಸಿ, ಒಳಗೆ ಸಾವಿರಕ್ಕೂ ಹೆಚ್ಚು ಪುಟ್ಟ ದೀಪ ಹಾಕಿಸಿದರು. ಗಾಳಿಯ ವೇಗ, ರಸ್ತೆಯ ಸದ್ದು ಬದಲಾದಂತೆ ಬೆಳಕೂ ಬದಲಾಗುತ್ತಿತ್ತು. 2008ರಲ್ಲಿ ಹೆಲ್ಸಿಂಕಿಯಲ್ಲಿ ಕಲಾವಿದರು ವಿದ್ಯುತ್ ಸ್ಥಾವರದ ಹೊಗೆಯ ಮೇಲೆ ಹಸಿರು ಲೇಸರ್ ಬಿಟ್ಟರು. ಸುತ್ತಲ ಮನೆಗಳು ಕರೆಂಟು ಉಳಿಸಿದಷ್ಟೂ ಹಸಿರು ಮೋಡ ಹಿಗ್ಗುತ್ತಿತ್ತು.

ಚೆಂದದ ಕೆಲಸಗಳು, ದುಬಾರಿಯವೂ ಹೌದು. ಪಾವಗಡಕ್ಕೆ ಪಾಠವಾಗಬಲ್ಲದ್ದು ಬಾಂಗ್ಲಾದೇಶದ ಬಣ್ಣದ ಡಬ್ಬ. ಅಲ್ಲಿ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಲಕ್ಷಾಂತರ ಕೊಳವೆಬಾವಿಗಳನ್ನು ಪರೀಕ್ಷಿಸಿ, ಆರ್ಸೆನಿಕ್ ಮಿತಿ ಮೀರಿದ ಬೋರಿಗೆ ಕೆಂಪು, ಉಳಿದವಕ್ಕೆ ಹಸಿರು ಬಳಿದರು. ಓದು ಬಾರದವರಿಗೂ ಅರ್ಥವಾಯಿತು. ಪಾವಗಡದ ಪೀಡೆ ಫ್ಲೋರೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಅದು ಮೊದಲು ಕಾಣಿಸಿಕೊಳ್ಳುವುದು ಮಕ್ಕಳ ಹಲ್ಲಿನ ಕಂದು ಕಲೆಯಾಗಿ, ಆಮೇಲೆ ದೊಡ್ಡವರ ಬಗ್ಗದ ಬೆನ್ನಾಗಿ. ಮೈಯೇ ಸೂಚನಾ ಫಲಕವಾಗುವ ಮುನ್ನ ನಲ್ಲಿಯ ಕಟ್ಟೆಯೇ ಎಚ್ಚರಿಸಬಾರದೇಕೆ?

ಅಂಕಿಗಳಿಗೇನೂ ಬರವಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ನಿಂತು ಬೆಂಗಳೂರಿಗೆ ಮಾಹಿತಿ ಕಳಿಸುತ್ತವೆ. ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕುಗಳ ಸಾಲಿನಲ್ಲಿ ಮಧುಗಿರಿ, ಕೊರಟಗೆರೆಯ ಹೆಸರು ಹಳೆಯದು. 2019ರ ಡಿಸೆಂಬರಿನಲ್ಲಿ ಆರಂಭವಾಗಿ, ತುಮಕೂರು ಜಿಲ್ಲೆಯನ್ನೂ ಒಳಗೊಂಡ ಅಟಲ್ ಭೂಜಲ ಯೋಜನೆಯಲ್ಲಿ ಅಂತರ್ಜಲದ ಮಾಹಿತಿಯನ್ನು ಜನರ ಮುಂದಿಡುವುದೂ ರಾಜ್ಯಗಳಿಗೆ ಹಣ ಬಿಡುಗಡೆಯಾಗಲು ಒಂದು ಮಾನದಂಡವಾಗಿತ್ತು. ಪಂಚಾಯಿತಿ ಕಚೇರಿಯ ಒಳಗೋಡೆಯ ಹಾಳೆಗೆ ಆ ಕೆಲಸ ಮುಗಿದರೆ ಸಾಲದು.

ಊರೂರಿನ ಓವರ್‌ಹೆಡ್ ಟ್ಯಾಂಕು ಹೇಗೂ ಎಲ್ಲರಿಗೂ ಕಾಣುತ್ತದೆ. ಕೆಲವಕ್ಕೆ ಹೊರಮೈಯಲ್ಲಿ ನೀರಿನ ಮಟ್ಟ ತೋರಿಸುವ ಅಂಕಿಪಟ್ಟಿಯೂ ಇದೆ. ಅದೇ ಟ್ಯಾಂಕಿನ ಕಂಬದ ಮೇಲೆ ಈ ತಿಂಗಳು ಅಂತರ್ಜಲ ಎಷ್ಟು ಅಡಿಗಿದೆ, ಕಳೆದ ವರ್ಷ ಎಷ್ಟಿತ್ತು ಎಂದು ಬರೆಸಬಹುದು. ಫ್ಲೋರೈಡಿನ ಬೋರಿಗೆ ಕೆಂಪು ಬಳಿಸಬಹುದು. ಖರ್ಚು ಕೆಲವು ಡಬ್ಬ ಬಣ್ಣ, ಒಂದು ಏಣಿ. ಪ್ರತಿ ತಿಂಗಳೂ ಏಣಿ ಹತ್ತಿ ಅಂಕಿ ತಿದ್ದುವ ಕೆಲಸ ವಾಟರ್‌ಮ್ಯಾನ್‌ನದೋ ಪಿಡಿಒ ಅವರದೋ ಎಂಬುದನ್ನು ಮಾತ್ರ ಮೊದಲೇ ತೀರ್ಮಾನಿಸಿಕೊಳ್ಳಬೇಕು.