ಚಿತ್ರಕಥೆಯ ಮೂಲ ಹಾಳೆಗೆ ಬೆಲೆ ಕಟ್ಟುವುದು ಹೇಗೆ?

ಚಿನ್ನ ಬೆಳ್ಳಿಯಿರಲಿ, ಬಟ್ಟೆಯಿರಲಿ, ಕಿರಾಣಿಯಿರಲಿ, ವಸ್ತುವನ್ನು ಕೈಗೆತ್ತಿಕೊಂಡು ಅಸಲೋ ನಕಲೋ ಎಂದು ನೋಡುವ ವಿದ್ಯೆ ನಮ್ಮ ಮನೆಗಳ ಮಕ್ಕಳಿಗೆ ಗಲ್ಲಾ ಪೆಟ್ಟಿಗೆಯ ಬಳಿಯಲ್ಲೇ ಬಂದುಬಿಡುತ್ತದೆ. ಹೊಸೂರು, ಕೃಷ್ಣಗಿರಿ ಕಡೆಯ ನಮ್ಮ ಕುಟುಂಬಗಳು ಈ ವಿದ್ಯೆಯನ್ನು ಇನ್ನೂ ಹೆಚ್ಚಾಗಿ ಬಳಸದಿರುವ ಒಂದು ವಸ್ತುವಿದೆ. ಅದು ಮಕ್ಕಳ ಚಿತ್ರಕಥೆಗಳಿಗಾಗಿ ಕಲಾವಿದರು ಕೈಯಾರೆ ಬರೆದ ಮೂಲ ಹಾಳೆ. ಅಚ್ಚಾಗಿ ಬಂದ ಪುಸ್ತಕವಲ್ಲ, ಅಚ್ಚಿಗೆ ಹೋದ ಹಾಳೆ.

ಕಾಗದದ ತುಂಡಿಗೆ ಎಂಥ ಬೆಲೆ ಎನ್ನುವವರಿಗೆ ಒಂದು ನಿದರ್ಶನ ಕೊಡುತ್ತೇವೆ. ಟಿನ್‌ಟಿನ್ ಕಥೆಗಳ ಕರ್ತೃ ಹರ್ಜೆ 1936ರಲ್ಲಿ ಒಂದು ಪುಸ್ತಕದ ಮುಖಪುಟಕ್ಕೆಂದು ಬರೆದ ಚಿತ್ರ, ಬಣ್ಣದ ಅಚ್ಚಿಗೆ ಖರ್ಚು ಹೆಚ್ಚಾಗುತ್ತದೆಂದು ಬಳಕೆಯಾಗದೆ ಉಳಿಯಿತು. ಅದನ್ನು ಪ್ರಕಾಶಕರ ಪುಟ್ಟ ಮಗನಿಗೆ ಕೊಟ್ಟರೆಂದೂ, ಹುಡುಗ ಮಡಚಿ ಮೇಜಿನ ಡ್ರಾಯರಿನಲ್ಲಿ ಇಟ್ಟನೆಂದೂ ಹರಾಜು ಹಾಕಿದವರು ಹೇಳಿದರು. 2021ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಆ ಹಾಳೆ 31 ಲಕ್ಷ ಯೂರೋಗೂ ಹೆಚ್ಚಿಗೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 28 ಕೋಟಿ ರೂಪಾಯಿಗೆ ಹೋಯಿತು, ಮಡಿಕೆಯ ಗುರುತುಗಳ ಸಮೇತ! ಮರುವರ್ಷ ಅಮೆರಿಕದಲ್ಲಿ ಸ್ಪೈಡರ್‌ಮ್ಯಾನ್ ಕಪ್ಪು ಉಡುಪು ತೊಡುವ 1984ರ ಒಂದೇ ಒಂದು ಪುಟ 33 ಲಕ್ಷ ಡಾಲರಿಗೂ ಮೀರಿತು. ಇಂಥ ಬೆಲೆ ನಮ್ಮ ಕಡೆ ಬರುತ್ತದೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ನಂಬಲೂ ಬೇಡಿ.

ಆದರೆ ಈ ಕಲೆ ನಮಗೆ ದೂರದ್ದಲ್ಲ. ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಪುಸ್ತಕೋದ್ಯಮಿ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಅವು ಹೊರಬಂದವು. ಸಿಂಡರೆಲಾಳಂಥ ಪರದೇಶದ ಕಥೆಗಳೇ ಅವುಗಳಲ್ಲಿದ್ದವು. ಆದ್ದರಿಂದಲೇ ಇಂಗ್ಲಿಷಿನ ಮೊದಲ ಪುಸ್ತಕ 'ಕೃಷ್ಣ'ನಿಗೆ 11ನೇ ಸಂಖ್ಯೆ ಬಿತ್ತು. ಅದರ ಚಿತ್ರಗಳು ರಾಮ್ ವಾಯೀರ್ಕರ್ ಅವರವು. ಮಾಲಿಕೆಯನ್ನು ಬೆಳೆಸಿದ ಅನಂತ ಪೈ 1929ರಲ್ಲಿ ಹುಟ್ಟಿದ್ದು 1432ರ ಗೊಮ್ಮಟನಿರುವ ಕಾರ್ಕಳದಲ್ಲಿ ಎಂಬುದು ನಮ್ಮ ಓದುಗರಿಗೆ ಸಂತೋಷದ ಸಂಗತಿ.

ಹೊಸೂರಿನಂಥ ಮೂರು ಭಾಷೆಯ ಊರಿನಲ್ಲಿ 'ಚಂದಮಾಮ'ದ ನೆನಪು ಇನ್ನೂ ಸ್ವಾರಸ್ಯದ್ದು. 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭವಾಗಿ 1949ರಲ್ಲಿ ಕನ್ನಡಕ್ಕೆ ಬಂದ ಈ ಪತ್ರಿಕೆ ಈಗ ನಿಂತುಹೋಗಿದೆ. ಒಂದೇ ಬೀದಿಯ ಮೂರು ಮನೆಗಳಲ್ಲಿ ಮೂರು ಲಿಪಿ, ಚಿತ್ರ ಮಾತ್ರ ಒಂದೇ. ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ಮುಂದೆ ಬೆಂಗಳೂರಿನಲ್ಲಿ ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಬೇತಾಳವನ್ನು ಹೆಗಲಿಗೇರಿಸಿದ ವಿಕ್ರಮನನ್ನು ಮನೆಮಾತಾಗಿಸಿದ ಶಂಕರ್ 2020ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಧರ್ಮಕಥೆಗಳ ವಿಷಯಕ್ಕೆ ಬಂದರೆ ಆಗ್ರಾದ ದಿವಾಕರ ಚಿತ್ರಕಥೆಗಳು ಎಷ್ಟೋ ಮನೆಗಳ ಕಪಾಟಿನಲ್ಲಿವೆ.

ಇಷ್ಟೆಲ್ಲ ಪುಸ್ತಕಗಳು ಇದ್ದ ಮೇಲೆ ಮೂಲ ಹಾಳೆಗಳೂ ಇರಬೇಕಲ್ಲವೇ? ಇಲ್ಲಿಯೇ ನಷ್ಟದ ಕಥೆ. ಪುಸ್ತಕ ಅಚ್ಚಾದ ಮೇಲೆ ಹಾಳೆಯ ಕೆಲಸ ಮುಗಿಯಿತೆಂದು ಹಿಂದಿನವರು ತಿಳಿಯುತ್ತಿದ್ದರು. ಅಮೆರಿಕದ ದೊಡ್ಡ ಕಂಪನಿಗಳೇ 1970ರ ದಶಕದ ನಡುವಿನವರೆಗೆ ಹಾಳೆಗಳನ್ನು ಕಲಾವಿದರಿಗೆ ಮರಳಿಸುವ ಪದ್ಧತಿ ಇಟ್ಟುಕೊಂಡಿರಲಿಲ್ಲ. ಪ್ರೆಸ್ಸಿನ ಮೂಲೆಯಲ್ಲಿ ಉಳಿದದ್ದು ರದ್ದಿಯ ತೂಕಕ್ಕೆ ಹೋದರೆ ಕೇಳುವವರಾರು? ಉಳಿದಿರುವುದು ಕಡಿಮೆ, ಇನ್ನು ಹೆಚ್ಚಾಗುವುದೂ ಇಲ್ಲ. ಈಗಿನ ಕಲಾವಿದರಲ್ಲಿ ಅನೇಕರು ಕಂಪ್ಯೂಟರಿನಲ್ಲೇ ಬರೆಯುವುದರಿಂದ ಹಾಳೆಯೆಂಬುದೇ ಇರುವುದಿಲ್ಲ.

ಅಸಲನ್ನು ಗುರುತಿಸುವುದು ನಮ್ಮವರಿಗೆ ಕಷ್ಟವಾಗಲಾರದು. ಗಿರವಿ ಅಂಗಡಿಯ ಭೂತಗನ್ನಡಿಯೇ ಸಾಕು. ಸಾಮಾನ್ಯ ಬಣ್ಣದ ಅಚ್ಚಿನ ಚಿತ್ರವನ್ನು ಅದರಲ್ಲಿ ನೋಡಿದರೆ ಬಣ್ಣ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ. ಮೂಲದಲ್ಲಿ ಮಸಿ ಒಂದೇ ಸಮನೆ ಹರಿದಿರುತ್ತದೆ, ದಪ್ಪ ಗೆರೆಯಲ್ಲಿ ಕುಂಚದ ಎಳೆ ಕಾಣುತ್ತದೆ. ಮಸಿಯ ಕೆಳಗೆ ಪೆನ್ಸಿಲಿನ ಗುರುತು, ತಪ್ಪಾದ ಕಡೆ ಬಳಿದ ಬಿಳಿ ಬಣ್ಣ, ಮಾತಿನ ಗುಳ್ಳೆಯ ಮೇಲೆ ಅಂಟಿಸಿದ ಬೇರೆ ಕಾಗದ, ಅಂಚಿನಲ್ಲಿ ಪ್ರೆಸ್ಸಿನವರಿಗೆ ಬರೆದ ಸೂಚನೆ, ಇವೆಲ್ಲ ದೋಷಗಳಲ್ಲ, ಸಾಕ್ಷಿಗಳು. ಹಾಳೆ ಸಾಮಾನ್ಯವಾಗಿ ಪುಸ್ತಕದ ಪುಟಕ್ಕಿಂತ ದೊಡ್ಡದಿರುತ್ತದೆ. ಹಿಂಬದಿಯನ್ನೂ ನೋಡಿ. ಪುಟಸಂಖ್ಯೆ, ಮೊಹರು ಇರುವುದು ಅಲ್ಲಿಯೇ. ತೀರಾ ಚೊಕ್ಕಟವಾಗಿರುವ ಹಾಳೆಯನ್ನು ಕಂಡರೆ ನಾವಂತೂ ಎರಡು ಸಲ ಯೋಚಿಸುತ್ತೇವೆ. ಹಳೆಯ ಪುಟವನ್ನು ಅದೇ ಕಲಾವಿದರು ಅಭಿಮಾನಿಗಾಗಿ ಮತ್ತೆ ಬರೆದುಕೊಟ್ಟಿರುವುದುಂಟು. ಅದು ಮೋಸವಲ್ಲ, ಆದರೆ ಅದರ ಬೆಲೆ ಬೇರೆ. 'ಸೀಮಿತ ಪ್ರತಿ' ಎಂದು ಸಹಿ ಮಾಡಿ ಮಾರುವುದು ಸಹಿಯಿರುವ ಅಚ್ಚು, ಅಷ್ಟೇ.

ಹಳೆಯ ಪುಸ್ತಕ ಕೂಡಿಸುವುದೇ ಬೇರೆ, ಮೂಲ ಹಾಳೆ ಕೂಡಿಸುವುದೇ ಬೇರೆ ಎಂಬುದೂ ತಿಳಿದಿರಲಿ. ಶಿವಕಾಶಿಯಿಂದ 1972ರಲ್ಲಿ ಆರಂಭವಾದ ಮುತ್ತು ಕಾಮಿಕ್ಸಿನ ಹಳೆಯ ಸಂಚಿಕೆಗಳಿಗೆ ತಮಿಳುನಾಡಿನ ಸಂಗ್ರಾಹಕರು ಮುಗಿಬೀಳುತ್ತಾರೆ. ಆದರೂ ಅವು ಸಾವಿರಗಟ್ಟಲೆ ಅಚ್ಚಾದವು. ಹಾಳೆ ಇರುವುದು ಒಂದೇ. ಅದೇ ಶಿವಕಾಶಿಯಿಂದ ದೀಪಾವಳಿಗೆ ನಾವು ತರಿಸಿ ಗಿರಾಕಿಗಳಿಗೆ ಹಂಚುವ ಕ್ಯಾಲೆಂಡರುಗಳ ಹಿಂದೆಯೂ ಯಾರೋ ಬರೆದ ಮೂಲ ಚಿತ್ರ ಇದ್ದೀತು. ಅದಕ್ಕೂ ಇದೇ ಮಾತು.

ಇನ್ನು ಬೆಲೆ. ಮುಖಪುಟಕ್ಕೆ ಒಳಪುಟಕ್ಕಿಂತ ಹೆಚ್ಚು. ನಾಯಕ ದೊಡ್ಡದಾಗಿ ಕಾಣುವ ಪುಟಕ್ಕೆ ಬರೀ ಮಾತುಕತೆಯ ಪುಟಕ್ಕಿಂತ ಹೆಚ್ಚು. ಒಬ್ಬರು ಪೆನ್ಸಿಲಿನಲ್ಲಿ ಬರೆದು ಇನ್ನೊಬ್ಬರು ಮಸಿ ತುಂಬಿದ್ದರೆ ಇಬ್ಬರ ಹೆಸರೂ ಲೆಕ್ಕಕ್ಕೆ ಬರುತ್ತದೆ. ಆದರೆ ಎಲ್ಲಕ್ಕಿಂತ ಮಿಗಿಲಾದದ್ದು ಹಾಳೆ ಯಾರ ಕೈಯಿಂದ ಯಾರ ಕೈಗೆ ಬಂತೆಂಬ ವಿವರ. ಕಲಾವಿದರ ಮನೆಯವರು ಕೊಟ್ಟ ಒಂದು ಚೀಟಿ, ಹಳೆಯ ರಸೀದಿ, ಅದೇ ಚಿತ್ರ ಅಚ್ಚಾದ ಪುಸ್ತಕ, ಇವು ಜೊತೆಗಿದ್ದರೆ ಹಾಳೆಗೆ ಒರೆ ಹಚ್ಚಿದಂತಾಯಿತು. ಇಲ್ಲದಿದ್ದರೆ ಒಳ್ಳೆಯ ಹಾಳೆಯೂ ಬಿಲ್ಲಿಲ್ಲದ ಒಡವೆಯೇ. ನಮ್ಮ ದೇಶದಲ್ಲಿ ಇದರ ಮಾರುಕಟ್ಟೆ ಚಿಕ್ಕದು, ಪೇಟೆ ಧಾರಣೆಯಂತೆ ದಿನದಿನದ ದರ ಸಿಗುವುದಿಲ್ಲ. ಮಾರುವವನು ಕೇಳುವ ಬೆಲೆಯನ್ನಲ್ಲ, ಅಂಥದೇ ಹಾಳೆ ನಿಜವಾಗಿ ಮಾರಾಟವಾದ ಬೆಲೆಯನ್ನೇ ಹಿಡಿಯಬೇಕು. ಈ ವ್ಯತ್ಯಾಸವನ್ನು ವ್ಯಾಪಾರಿಗಳಿಗೆ ವಿವರಿಸಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ವ್ಯಾಪಾರದ ಬುದ್ಧಿಯೇ ಕೆಡಕು ಮಾಡುವುದುಂಟು. ಒಂದು ಕಥೆಯ ಎಲ್ಲ ಹಾಳೆಗಳೂ ಒಟ್ಟಿಗೆ ಸಿಕ್ಕರೆ ಬಿಡಿಬಿಡಿಯಾಗಿ ಮಾರಿದರೆ ಲಾಭವೆಂದು ತೋರುತ್ತದೆ. ಗುಜರಾತ, ರಾಜಸ್ಥಾನದ ಸಚಿತ್ರ ಕಲ್ಪಸೂತ್ರಗಳಿಗೆ ಆದದ್ದು ಇದೇ. ಪ್ರತಿ ಬಿಚ್ಚಿ ಚಿತ್ರವಿದ್ದ ಹಾಳೆಗಳನ್ನು ಒಂದೊಂದಾಗಿ ಮಾರಿದರು. ಇಂದು ಯೂರೋಪು, ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ಮಹಾವೀರರ ಜನನದ ಹಾಳೆ ಒಂದು ಕಡೆ, ಕೇಶಲೋಚದ ಹಾಳೆ ಇನ್ನೊಂದು ಕಡೆ. ಮೂಡಬಿದಿರೆಯ ಬಸದಿಯಲ್ಲಿ ಧವಲಾದ ಓಲೆಗಳು ಒಟ್ಟಿಗೆ ಉಳಿದದ್ದರಿಂದಲೇ ಅದರ ಚಿತ್ರಗಳನ್ನು ಗ್ರಂಥದ ಜೊತೆಗೇ ನೋಡಲು ಸಾಧ್ಯವಾಗಿದೆ. ಚಿತ್ರಕಥೆ ಅಷ್ಟು ಪವಿತ್ರವಲ್ಲದಿರಬಹುದು. ಆದರೂ ಮೂವತ್ತು ಹಾಳೆ ಒಟ್ಟಿಗೆ ಇದ್ದರೆ ಅದು ಕಥೆ, ಬೇರೆಯಾದರೆ ಮೂವತ್ತು ಗೋಡೆಗಳ ಅಲಂಕಾರ. ಒಟ್ಟಿಗೆ ಕೊಳ್ಳುವವರು ಸಿಗುವ ತನಕ ಕಾಯುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಹಾಳೆ ಕೊಂಡರೆ ಅದರ ಕಥೆಯನ್ನು ಅಚ್ಚು ಹಾಕುವ ಹಕ್ಕು ಬರುವುದಿಲ್ಲ, ಅದು ಪ್ರತ್ಯೇಕ. 1957ರ ಕಾಪಿರೈಟ್ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯಂತೆ, ಹಕ್ಕಿನ ಮೊದಲ ಒಡೆಯ ಕಲಾವಿದನೇ ಆಗಿದ್ದಲ್ಲಿ, ಮೂಲ ಚಿತ್ರ ಹತ್ತು ಸಾವಿರ ರೂಪಾಯಿಗೆ ಮೇಲ್ಪಟ್ಟು ಮರುಮಾರಾಟವಾದಾಗ ಅವನಿಗೆ ಅಥವಾ ವಾರಸುದಾರರಿಗೆ ಶೇ. 10 ಮೀರದ ಪಾಲು ಸಲ್ಲಬಹುದು. ಚಿತ್ರಗಳು ಮನೆಬಳಕೆಯ ಸಾಮಾನೆಂದು ಆದಾಯ ತೆರಿಗೆಯಿಂದ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಲಾಭಕ್ಕೆ ತೆರಿಗೆಯುಂಟು, ಆಡಿಟರನ್ನು ಕೇಳಿ.

ಮನೆಯಲ್ಲಿ ಹಾಳೆ ಇದ್ದರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಅಂಟಿದ ಪ್ಲಾಸ್ಟಿಕ್ ಬಿಡಿಸಲು ಹೋದರೆ ಮಸಿಯೂ ಬರುತ್ತದೆ. ಸೆಲೋಟೇಪು ಬೇಡ, ಬಿಸಿಲು ಬೀಳುವ ಗೋಡೆ ಬೇಡ. ಆಮ್ಲರಹಿತ ಕಾಗದದ ನಡುವೆ ಸಪಾಟಾಗಿ, ನೆಲದಿಂದ ಮೇಲೆ, ಗೆದ್ದಲು ಮತ್ತು ತೇವ ತಾಗದಂತೆ ಇಡಿ. ಕಟ್ಟು ಹಾಕಿಸಿದರೆ ಗಾಜು ಚಿತ್ರಕ್ಕೆ ತಾಗದಂತೆ ಅಂತರ ಬಿಡಿಸಿ.

ಕಣ್ಣು ಪಳಗಿಸಿಕೊಳ್ಳುವವರಿಗೆ ಹೊಸೂರಿನಿಂದ 40 ಕಿಲೋಮೀಟರಿನಷ್ಟೇ ದೂರದ ಬೆಂಗಳೂರಿನಲ್ಲಿ, ಮಹಾತ್ಮಾ ಗಾಂಧಿ ರಸ್ತೆಯ ಟ್ರಿನಿಟಿ ವೃತ್ತದ ಬಳಿಯ ಮಿಡ್‌ಫೋರ್ಡ್ ಹೌಸಿನಲ್ಲಿ ವ್ಯಂಗ್ಯಚಿತ್ರ ಗ್ಯಾಲರಿಯಿದೆ. 2007ರಲ್ಲಿ ಆರಂಭವಾದಾಗಿನಿಂದ ಅಲ್ಲಿ ಅನೇಕ ಕಲಾವಿದರ ಪ್ರದರ್ಶನಗಳು ನಡೆದಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಗೋಡೆಯ ಮೇಲಿರುವುದರಲ್ಲಿ ಕೈಯಲ್ಲಿ ಬರೆದದ್ದು ಯಾವುದು, ಅಚ್ಚಿನ ಪ್ರತಿ ಯಾವುದು ಎಂದು ಕೇಳಿ ನೋಡಿ.